ಮೊಬೈಲ್ ಮೋಸ: ಮುಚ್ಚಿಡಬೇಡಿ, ಸಂಘಕ್ಕೆ ಹೇಳಿ

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ತಾಲ್ಲೂಕು ಸಭೆಯಲ್ಲಿ ಸಿಸ್ಟರ್ ಅವರು ನೀಡಿದ ಮಾಹಿತಿಯ ಬರಹ ರೂಪ)



ಒಂದು ದಿನದ ಕೂಲಿ ಬಿಟ್ಟು, ಹಸುವಿಗೆ ಮೇವು ಹಾಕಿ, ಎರಡು ಬಸ್ ಬದಲಾಯಿಸಿ ಬಂದವರೂ ಇಲ್ಲಿದ್ದೀರಿ. ಈ ಸಭೆಗಳಲ್ಲಿ ನಾವು ಉಳಿತಾಯ, ಆಂತರಿಕ ಸಾಲ, ಪುಸ್ತಕ ಬರೆಯುವುದು, ರಕ್ತಹೀನತೆ, ಮಕ್ಕಳ ಓದು ಇಂಥ ವಿಷಯಗಳನ್ನು ಮಾತಾಡಿದ್ದೇವೆ. ಈ ಸಲ ಮೊಬೈಲಿನಲ್ಲಿ ನಡೆಯುವ ಮೋಸದ ವಿಷಯ ತೆಗೆದುಕೊಂಡಿದ್ದೇವೆ. "ಸಿಸ್ಟರ್, ಅದೆಲ್ಲ ಓದಿದವರಿಗೆ, ಪಟ್ಟಣದವರಿಗೆ ಬೇಕಾದ್ದು, ನಮ್ಮ ಹತ್ರ ಏನಿದೆ ಕದಿಯೋಕೆ" ಅಂತ ಒಬ್ಬರು ಬಾಗಿಲಲ್ಲೇ ಕೇಳಿದರು. ಯೋಚನೆ ಮಾಡಿ ನೋಡಿ. ಡೈರಿಯ ಹಾಲಿನ ಬಟವಾಡೆ ಖಾತೆಗೆ ಬರುತ್ತದೆ. ಉದ್ಯೋಗ ಖಾತರಿ ಕೂಲಿ ಖಾತೆಗೆ ಬರುತ್ತದೆ. ವಿಧವಾ ವೇತನ, ಗೃಹಲಕ್ಷ್ಮಿಯ ಎರಡು ಸಾವಿರ, ಮಕ್ಕಳ ವಿದ್ಯಾರ್ಥಿವೇತನ ಎಲ್ಲವೂ ಖಾತೆಗೇ. ಆ ಖಾತೆ ಯಾವ ಫೋನ್ ನಂಬರಿಗೆ ಜೋಡಣೆ ಆಗಿದೆಯೋ ಆ ಫೋನ್ ನಿಮ್ಮ ಸೆರಗಿನಲ್ಲೋ, ಮಗನ ಜೇಬಿನಲ್ಲೋ ಇದೆ. ಹಿಂದೆ ಕಳ್ಳ ಬರಬೇಕಾದರೆ ಚಿಲಕ ಮುರಿಯಬೇಕಿತ್ತು, ನಾಯಿ ಬೊಗಳುತ್ತಿತ್ತು. ಈಗ ಅವನು ಫೋನ್ ಮಾಡಿ "ಮೇಡಂ" ಅಂತ ಕರೆಯುತ್ತಾನೆ, ಚಿಲಕ ನಾವೇ ತೆಗೆಯುತ್ತೇವೆ.

ನಮ್ಮ ಒಂದು ಸಂಘದಲ್ಲಿ ನಡೆದದ್ದನ್ನು ಹೇಳುತ್ತೇವೆ. ಊರಿನ ಹೆಸರು, ಸಂಘದ ಹೆಸರು ಹೇಳುವುದಿಲ್ಲ. ಆ ಅಕ್ಕನನ್ನು ಕೇಳಿ, ಅವರು ಒಪ್ಪಿದ ಮೇಲೇ ಹೇಳುತ್ತಿದ್ದೇವೆ. "ನನ್ನ ಹೆಸರು ಬೇಡ, ನಡೆದದ್ದು ಮಾತ್ರ ಎಲ್ಲರಿಗೂ ಹೇಳಿ ಸಿಸ್ಟರ್" ಅಂದರು.

ಆ ಅಕ್ಕ ಸಂಘದ ಎರಡನೇ ಪ್ರತಿನಿಧಿ. ವಾರದ ಸಭೆಯಲ್ಲಿ ಉಳಿತಾಯ, ಸಾಲದ ಕಂತು ಎಲ್ಲ ಸೇರಿ 14,600 ರೂಪಾಯಿ ಆಯ್ತು. ಬ್ಯಾಂಕು ದೂರ. ಕೆಲವರು ಹಣವನ್ನು ಫೋನಿನಿಂದಲೇ ಈ ಅಕ್ಕನ ಖಾತೆಗೆ ಹಾಕಿದ್ದರು. ಕೈಗೆ ಬಂದ ನಗದನ್ನೂ ಅವರು ಅಂಗಡಿಯವನ ಕೈಯಲ್ಲಿ ಕೊಟ್ಟು ತಮ್ಮ ಖಾತೆಗೇ ಹಾಕಿಸಿಕೊಂಡರು, ಸೋಮವಾರ ಸಂಘದ ಖಾತೆಗೆ ಕಟ್ಟಿದರಾಯ್ತು ಅಂತ. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಈಗ ಅನೇಕ ಸಂಘಗಳಲ್ಲಿ ಹೀಗೇ ನಡೆಯುತ್ತಿದೆ.

ಶನಿವಾರ ಒಂದು ಕರೆ ಬಂತು. ಒಳ್ಳೆ ಕನ್ನಡ. "ಗೃಹಲಕ್ಷ್ಮಿ ವಿಭಾಗದಿಂದ ಮಾತಾಡ್ತಿದ್ದೀವಿ. ನಿಮ್ಮ ಎರಡು ಕಂತು ನಿಂತಿದೆ, ಇಕೆವೈಸಿ ಆಗಿಲ್ಲ. ಈವತ್ತೇ ಕೊನೇ ದಿನ." ಅಕ್ಕನ ಹೆಸರು, ಗಂಡನ ಹೆಸರು, ಊರು ಎಲ್ಲ ಅವನೇ ಹೇಳಿದ. ಇಷ್ಟೆಲ್ಲ ಗೊತ್ತಿರುವವನು ಸರ್ಕಾರದವನೇ ಇರಬೇಕು ಅಂತ ಇವರು ನಂಬಿದರು. ನಾವೇ ಎಷ್ಟು ಕಡೆ ಆಧಾರ್ ಜೆರಾಕ್ಸ್ ಕೊಟ್ಟು ಬಂದಿಲ್ಲ ಹೇಳಿ! ಆಮೇಲೆ ವಾಟ್ಸಾಪಿಗೆ ಒಂದು ಫೈಲ್ ಬಂತು. ಒತ್ತಿದಾಗ ಒಂದು ಆ್ಯಪ್ ಕೂತುಕೊಂಡಿತು. ಮೇಲೆ ಸರ್ಕಾರದ ಲಾಂಛನದ ಚಿತ್ರ. "ಅನುಮತಿಸಿ" ಅಂತ ಬಂದಲ್ಲೆಲ್ಲ ಒತ್ತಿದರು. ಒಂದು ರೂಪಾಯಿ ಶುಲ್ಕ ಕಟ್ಟಿ ಅಂತ ಕೇಳಿತು, ಎಟಿಎಂ ಕಾರ್ಡಿನ ನಂಬರು, ಹಿಂದಿನ ಮೂರು ಅಂಕಿ ಎಲ್ಲ ತುಂಬಿದರು. ಕರೆ ಮುಗಿಸುವಾಗ ಅವನು, "ಕಂತು ಜಮಾ ಆಗೋವರೆಗೂ ಯಾರಿಗೂ ಹೇಳಬೇಡಿ, ಬೇರೆಯವರು ಕೇಳಿದ್ರೆ ಸರ್ವರ್ ನಿಂತುಹೋಗುತ್ತೆ" ಅಂದ. ಸಂಜೆಯ ಹೊತ್ತಿಗೆ ಖಾತೆಯಲ್ಲಿ ಉಳಿದದ್ದು ಅರವತ್ತೆರಡು ರೂಪಾಯಿ.

ಇವರು ಓಟಿಪಿ ಯಾರಿಗೂ ಹೇಳಿರಲಿಲ್ಲ. ಮತ್ತೆ ಹಣ ಹೋದದ್ದು ಹೇಗೆ? ಆ ಆ್ಯಪಿಗೆ ಫೋನಿಗೆ ಬರುವ ಮೆಸೇಜ್ ಓದಲು ಇವರೇ ಅನುಮತಿ ಕೊಟ್ಟಿದ್ದರು. ಬ್ಯಾಂಕಿನಿಂದ ಓಟಿಪಿ ಬಂದ ತಕ್ಷಣ ಆ ಆ್ಯಪ್ ಅದನ್ನು ಕಳ್ಳನಿಗೆ ಕಳಿಸಿತು. ಇಂಥ ಫೈಲಿನ ಹೆಸರಿನ ಕೊನೆಯಲ್ಲಿ ಎಪಿಕೆ ಎಂಬ ಮೂರು ಇಂಗ್ಲಿಷ್ ಅಕ್ಷರ ಇರುತ್ತದೆ. ಮದುವೆ ಕರೆಯೋಲೆ ಅಂತ ಬರುತ್ತದೆ, ಬೈಕಿನ ದಂಡದ ಚಲನ್ ಅಂತ ಬರುತ್ತದೆ, ರೈತರ ಪಿಎಂ ಕಿಸಾನ್ ಪಟ್ಟಿ ಅಂತಲೂ ಬರುತ್ತದೆ. ನಿಮ್ಮ ನಾದಿನಿಯ ನಂಬರಿನಿಂದಲೇ ಬರಬಹುದು, ಯಾಕೆಂದರೆ ಆಕೆಯ ಫೋನ್ ಮೊದಲೇ ಕಳ್ಳರ ಕೈಗೆ ಹೋಗಿರುತ್ತದೆ. ಕರೆಯೋಲೆ ಫೋಟೋ ಆಗಿ ಬಂದರೆ ನೋಡಿ. ಆ್ಯಪ್ ಹಾಕಿಕೊಳ್ಳಿ ಅಂತ ಕೇಳುವ ಕರೆಯೋಲೆ ಲೋಕದಲ್ಲೇ ಇಲ್ಲ. ಗೃಹಲಕ್ಷ್ಮಿ ಕಂತು ಬಂದಿಲ್ಲ ಅಂದರೆ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ. 2023ರಲ್ಲಿ ಶುರುವಾದ ಆ ಯೋಜನೆ ಆ ಇಲಾಖೆಯದು. ನಡೆದುಕೊಂಡು ಹೋಗಿ ಕೇಳುವುದರಿಂದ ಒಂದು ಪೈಸೆಯೂ ಖಾತೆಯಿಂದ ಹೋಗುವುದಿಲ್ಲ.

ಆದರೆ ಈ ಕಥೆಯಲ್ಲಿ ನಮಗೆ ಹೆಚ್ಚು ನೋವು ತಂದದ್ದು ಆಮೇಲಿನ ಒಂಬತ್ತು ದಿನ. ಅಕ್ಕ ಯಾರಿಗೂ ಹೇಳಲಿಲ್ಲ. ಗಂಡನಿಗೆ ಹೇಳಿದರೆ ಹೊಡೆತ, ಸಂಘಕ್ಕೆ ಹೇಳಿದರೆ ಮಾನ ಹೋಗುತ್ತದೆ ಅನ್ನುವ ಭಯ. ಸೋಮವಾರ ಹಣ ಕಟ್ಟಲಿಲ್ಲ, ಜ್ವರ ಅಂದರು. ಮುಂದಿನ ಸಭೆಗೆ ಬರಲಿಲ್ಲ. "ದುಡ್ಡು ತಿಂದ್ಲು" ಅಂತ ನೀರಿನ ಟ್ಯಾಂಕಿನ ಹತ್ತಿರ ಮಾತು ಶುರುವಾಯಿತು. ಹನ್ನೊಂದು ವರ್ಷದಿಂದ ಒಂದು ಕಂತು ತಪ್ಪಿಸದ ಹೆಣ್ಣುಮಗಳ ಬಗ್ಗೆ! ಕೊನೆಗೆ ಕಿವಿಯ ಓಲೆ ಗಿರವಿ ಇಟ್ಟು ಸಂಘದ ಹಣ ತುಂಬಿದರು. ಓಲೆ ಇಲ್ಲದ ಕಿವಿ ನೋಡಿ ಕ್ಷೇತ್ರ ಕಾರ್ಯಕರ್ತೆ ಒತ್ತಾಯ ಮಾಡಿ ಕೇಳಿದಾಗಲೇ ವಿಷಯ ಹೊರಗೆ ಬಂದದ್ದು. ಅಷ್ಟರಲ್ಲಿ ಕಳ್ಳನ ಹಣ ಎಲ್ಲಿಂದೆಲ್ಲಿಗೋ ಹೋಗಿ ಆಗಿತ್ತು. ದೂರು ಕೊಡಿಸಿದೆವು, ಇವತ್ತಿನವರೆಗೆ ಹಣ ಬಂದಿಲ್ಲ. ಸಂಘದವರು ಕೂತು ಮಾತಾಡಿ, ಓಲೆ ಬಿಡಿಸಿಕೊಳ್ಳಲು ಬಡ್ಡಿ ಇಲ್ಲದ ಸಾಲ ಕೊಟ್ಟರು. ಆ ಮಾತು ಆಡಿದ್ದ ಒಬ್ಬಾಕೆ ಎಲ್ಲರ ಮುಂದೆ ಕ್ಷಮೆ ಕೇಳಿದರು. ಅದು ದೊಡ್ಡ ಮಾತು.

ಶನಿವಾರ ಸಂಜೆಯೇ ಹೇಳಿದ್ದರೆ ಏನಾಗುತ್ತಿತ್ತು? ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಕದ್ದ ಹಣ ಆ ಕೂಡಲೇ ಕಳ್ಳನ ಕೈಗೆ ಹೋಗುವುದಿಲ್ಲ. ಮೊದಲು ಯಾರದೋ ಒಂದು ಬ್ಯಾಂಕ್ ಖಾತೆಗೆ, ಅಲ್ಲಿಂದ ಮೂರು ನಾಲ್ಕು ಖಾತೆಗಳಿಗೆ ಚೂರು ಚೂರಾಗಿ ಹೋಗುತ್ತದೆ, ಕೊನೆಗೆ ಎಟಿಎಂನಿಂದ ನಗದಾಗಿ ಹೊರಬರುತ್ತದೆ. 1930 ನಂಬರಿಗೆ ಕರೆ ಮಾಡಿದರೆ ನಿಮ್ಮ ದೂರು ದಾಖಲಾಗಿ, ಹಣ ಯಾವ ಖಾತೆಗೆ ಹೋಗಿದೆಯೋ ಆ ಬ್ಯಾಂಕಿಗೆ ಕಂಪ್ಯೂಟರಿನ ಮೂಲಕವೇ ಮಾಹಿತಿ ಹೋಗುತ್ತದೆ. ಹಣ ಇನ್ನೂ ಅಲ್ಲಿದ್ದರೆ ಅದನ್ನು ತಡೆಹಿಡಿಯುತ್ತಾರೆ. ಮುಂದಿನ ಖಾತೆಗೆ ಹೋಗಿದ್ದರೆ ಆ ಬ್ಯಾಂಕಿಗೆ ಸುದ್ದಿ ಹೋಗುತ್ತದೆ. ಕಳ್ಳ ಓಡುತ್ತಿರುತ್ತಾನೆ, ದೂರು ಅವನ ಹಿಂದೆ ಓಡುತ್ತದೆ. ಮೊದಲ ಒಂದೆರಡು ಗಂಟೆಯಲ್ಲಿ ಹಿಡಿಯುವ ಅವಕಾಶ ಹೆಚ್ಚು, ಒಂಬತ್ತು ದಿನದ ಮೇಲೆ ಇಲ್ಲವೇ ಇಲ್ಲ ಅಂದರೂ ನಡೆಯುತ್ತದೆ.

ಕರೆ ಮಾಡುವಾಗ ಖಾತೆ ನಂಬರು, ಹಣ ಹೋದ ಸಮಯ, ಬ್ಯಾಂಕಿನ ಮೆಸೇಜಿನಲ್ಲಿ ಇರುವ ವ್ಯವಹಾರದ ಉದ್ದ ನಂಬರು ಕೇಳುತ್ತಾರೆ. ಆದ್ದರಿಂದ ಮೆಸೇಜ್ ಅಳಿಸಬೇಡಿ. ಸಿಟ್ಟಿನಲ್ಲಿ, ಹೆದರಿಕೆಯಲ್ಲಿ ಎಲ್ಲ ಅಳಿಸಿ ಹಾಕುವವರೇ ಜಾಸ್ತಿ. 1930 ಲೈನ್ ಸಿಗದಿದ್ದರೆ ಮತ್ತೆ ಮತ್ತೆ ಮಾಡಿ. ಓದಿದ ಮಕ್ಕಳಿದ್ದರೆ ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲಿನಲ್ಲೂ ದೂರು ಬರೆಸಬಹುದು. ಬ್ಯಾಂಕಿನ ಸಹಾಯವಾಣಿಗೆ ಹೇಳಿ ಕಾರ್ಡನ್ನು ನಿಲ್ಲಿಸಿ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಒಂದು ಮುಖ್ಯ ಮಾತು ಇದೆ. ನಮ್ಮ ಅಜಾಗ್ರತೆಯಿಂದಲೇ ಹಣ ಹೋಗಿದ್ದರೂ, ನಾವು ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಹಾಗಾಗಿ ತಿಳಿಸಿದ ದಿನ, ಸಮಯ, ದೂರಿನ ನಂಬರು ಬರೆದಿಟ್ಟುಕೊಳ್ಳಿ. ಶಾಖೆಗೆ ಹೋದರೆ ಬರವಣಿಗೆಯಲ್ಲಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. "ಆಯ್ತಮ್ಮ, ನೋಡ್ತೀವಿ" ಅನ್ನುವ ಮಾತಿಗೆ ಸಾಕ್ಷಿ ಇಲ್ಲ.

ಪೊಲೀಸ್ ಠಾಣೆಯಲ್ಲಿ "ಇದು ನಮಗೆ ಬರಲ್ಲ, ಜಿಲ್ಲೆಗೆ ಹೋಗಿ" ಅಂತ ಕಳಿಸಿದ್ದುಂಟು. ಪ್ರತಿ ಜಿಲ್ಲೆಯಲ್ಲೂ ಸೈಬರ್ ಅಪರಾಧಕ್ಕೆ ಸೆನ್ ಠಾಣೆ ಇದೆ, ನಿಜ. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಲ್ಲಿ, ಅಪರಾಧ ಎಲ್ಲೇ ನಡೆದಿರಲಿ, ನೀವು ಹೋದ ಠಾಣೆಯಲ್ಲಿ ಮಾಹಿತಿ ದಾಖಲಿಸಿಕೊಳ್ಳಬೇಕು ಅಂತ ಇದೆ. ಒಬ್ಬರೇ ಹೋಗಬೇಡಿ. ನಾಲ್ಕು ಜನ ಸಂಘದವರು ಜೊತೆಗೆ ಹೋದರೆ ಕುರ್ಚಿಯೂ ಸಿಗುತ್ತದೆ, ಉತ್ತರವೂ ಸಿಗುತ್ತದೆ.

ಆ ಕಳ್ಳ ಹೇಳಿದ ಮಾತಿಗೆ ಮತ್ತೆ ಬರೋಣ. "ಯಾರಿಗೂ ಹೇಳಬೇಡಿ." ನಾವು ನೋಡಿದ, ಕೇಳಿದ ಮೋಸಗಳಲ್ಲಿ ವೇಷ ಬೇರೆ ಬೇರೆ ಇದ್ದರೂ ಈ ಮಾತು ಮತ್ತೆ ಮತ್ತೆ ಬರುತ್ತದೆ. ಲಾಟರಿ ಅನ್ನುತ್ತಾರೆ, ಕರೆಂಟ್ ಕಟ್ ಮಾಡ್ತೀವಿ ಅನ್ನುತ್ತಾರೆ, ಮಗ ಪೊಲೀಸರ ಕೈಗೆ ಸಿಕ್ಕಿದ್ದಾನೆ ಅನ್ನುತ್ತಾರೆ. ಆತುರ ಮಾಡಿಸುತ್ತಾರೆ, ಭಯವನ್ನೋ ಆಸೆಯನ್ನೋ ಹುಟ್ಟಿಸುತ್ತಾರೆ, ಆಮೇಲೆ ಒಂಟಿ ಮಾಡುತ್ತಾರೆ. ಪಕ್ಕದಲ್ಲಿ ಒಬ್ಬರು ಕೂತು "ಇದೇನಕ್ಕ, ಸುಳ್ಳು ಇರಬೇಕು" ಅಂದರೆ ಅವನ ಆಟ ಅಲ್ಲಿಗೇ ಮುಗಿಯಿತು. ಅವನಿಗೆ ಅದು ಗೊತ್ತು.

ಡಿಜಿಟಲ್ ಅರೆಸ್ಟ್ ಅನ್ನುವುದನ್ನು ಟಿವಿಯಲ್ಲಿ ಕೇಳಿರಬಹುದು. ಪೊಲೀಸ್ ಬಟ್ಟೆ ಹಾಕಿದವನು ವಿಡಿಯೋ ಕಾಲ್ ಮಾಡುತ್ತಾನೆ. ನಿಮ್ಮ ಆಧಾರಿನಲ್ಲಿ ಮಾದಕ ವಸ್ತುವಿನ ಪಾರ್ಸಲ್ ಸಿಕ್ಕಿದೆ, ಕರೆ ಕಟ್ ಮಾಡಿದರೆ ಬಂಧಿಸುತ್ತೇವೆ, ಮನೆಯವರಿಗೂ ಹೇಳಬಾರದು ಅಂತ ಗಂಟೆಗಟ್ಟಲೆ, ಕೆಲವರನ್ನು ದಿನಗಟ್ಟಲೆ ಕೂರಿಸುತ್ತಾನೆ. 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಗಳು ಮನ್ ಕೀ ಬಾತ್ ಕಾರ್ಯಕ್ರಮದಲ್ಲಿ ಇಂಥ ಒಂದು ಕರೆಯ ಧ್ವನಿಯನ್ನೇ ಕೇಳಿಸಿದರು. ಆ ಕರೆ ಬಂದದ್ದು ನಮ್ಮ ವಿಜಯಪುರದ ಒಬ್ಬರಿಗೆ. ಅವರು ಹೆದರದೆ ಅದನ್ನು ರೆಕಾರ್ಡ್ ಮಾಡಿಕೊಂಡಿದ್ದರು. ಫೋನಿನಲ್ಲಿ ಬಂಧಿಸುವ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಓದಿದ ಡಾಕ್ಟರುಗಳು, ನಿವೃತ್ತ ಅಧಿಕಾರಿಗಳೂ ಇದರಲ್ಲಿ ಲಕ್ಷ ಲಕ್ಷ ಕಳೆದುಕೊಂಡಿದ್ದಾರೆ. ಆದ್ದರಿಂದ ಮೋಸ ಹೋದ ಸದಸ್ಯೆಯನ್ನು "ಬುದ್ಧಿ ಇಲ್ವಾ ನಿನಗೆ" ಅಂತ ಯಾರೂ ಕೇಳಬೇಡಿ.

ಫೋನಿನಲ್ಲಿ ಹಣ ಕಳಿಸುವವರಿಗೆ ಒಂದೇ ಮಾತು. ಹಣ ಬರಲು ಪಿನ್ ಬೇಡ. ಸ್ಕ್ಯಾನ್ ಮಾಡುವುದೂ ಬೇಡ. ಪಿನ್ ಒತ್ತಿದರೆ ಹಣ ಹೋಗುತ್ತದೆ. "ನಿಮಗೆ ಹಣ ಹಾಕ್ತೀವಿ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅಂದರೆ ಫೋನ್ ಇಡಿ.

ಇನ್ನು ಸಾಲದ ಆ್ಯಪ್‌ಗಳ ವಿಷಯ. ಇದು ಸಂಘಕ್ಕೆ ನೇರವಾಗಿ ತಾಗುವ ವಿಷಯ, ಸ್ವಲ್ಪ ಹೆಚ್ಚು ಮಾತಾಡುತ್ತೇವೆ. ಐದು ನಿಮಿಷದಲ್ಲಿ ಐದು ಸಾವಿರ ಅಂತ ಬರುತ್ತದೆ. ಕೈಗೆ ಸಿಗುವುದು ಮೂರು ಸಾವಿರದ ಚಿಲ್ಲರೆ, ವಾರದೊಳಗೆ ಪೂರ್ತಿ ಐದು ಸಾವಿರ ಕಟ್ಟಬೇಕು. ಆ್ಯಪ್ ಹಾಕಿಕೊಳ್ಳುವಾಗಲೇ ಫೋನಿನ ಎಲ್ಲ ನಂಬರು, ಎಲ್ಲ ಫೋಟೋ ಅವರಿಗೆ ಹೋಗಿರುತ್ತದೆ. ಕಟ್ಟುವುದು ಎರಡು ದಿನ ತಡವಾದರೆ ಆಕೆಯ ಮುಖವನ್ನು ಬೇರೆ ಯಾರದೋ ಮೈಗೆ ಅಂಟಿಸಿ ಮಾಡಿದ ಕೆಟ್ಟ ಚಿತ್ರವನ್ನು ಅಣ್ಣನಿಗೆ, ಮಾವನಿಗೆ, ಮಕ್ಕಳ ಟೀಚರಿಗೆ ಕಳಿಸುತ್ತಾರೆ. ಇದರಿಂದ ಜೀವ ಕಳೆದುಕೊಂಡವರೂ ಇದ್ದಾರೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಮಾರ್ಗಸೂಚಿ ಹೊರಡಿಸಿ, ಸಾಲದ ಆ್ಯಪ್‌ಗಳು ಫೋನಿನಲ್ಲಿರುವ ನಂಬರುಗಳ ಪಟ್ಟಿ, ಫೋಟೋ, ಕರೆಗಳ ವಿವರ ಮುಟ್ಟಬಾರದು ಅಂತ ಹೇಳಿತು. ಅವುಗಳನ್ನು ಕೇಳುವ ಆ್ಯಪ್ ನಿಯಮ ಮುರಿಯುವ ಆ್ಯಪ್ ಅಂತಲೇ ತಿಳಿಯಿರಿ. ಚಿತ್ರ ಕಳಿಸಿ ಹೆದರಿಸಿದರೆ ಇನ್ನೊಂದು ರೂಪಾಯಿ ಕೊಡಬೇಡಿ. ಕೊಟ್ಟರೆ ನಿಲ್ಲುವುದಿಲ್ಲ, ಕೇಳುವುದು ಹೆಚ್ಚುತ್ತದೆ. ಬಂದ ಮೆಸೇಜ್ ಉಳಿಸಿಕೊಂಡು ದೂರು ಕೊಡಿ. ಸೈಬರ್ ಪೋರ್ಟಲಿನಲ್ಲಿ ಮಹಿಳೆಯರು ಮತ್ತು ಮಕ್ಕಳ ಮೇಲಿನ ಅಪರಾಧಕ್ಕೆ ಬೇರೆಯೇ ವಿಭಾಗ ಇದೆ. ಹೆಣ್ಣುಮಕ್ಕಳಿಗೆ ಇದನ್ನು ಮನೆಯಲ್ಲಿ ಹೇಳಿಡಿ. "ಏನೇ ಆದ್ರೂ ಮೊದಲು ಅಮ್ಮನಿಗೆ ಹೇಳು, ನಾನು ಬಯ್ಯಲ್ಲ" ಅಂತ. ಬಯ್ಯಬಾರದು ಅಷ್ಟೇ.

ಸಂಘದಲ್ಲಿ ಹಣ ಇರುವಾಗ ನಮ್ಮ ಸಹೋದರಿ ಆ್ಯಪಿಗೆ ಯಾಕೆ ಹೋಗುತ್ತಾಳೆ? ಕೇಳಿ ನೋಡಿದೆವು. "ಸಂಘದಲ್ಲಿ ಯಾಕೆ ಅಂತ ಎಲ್ಲರ ಮುಂದೆ ಹೇಳಬೇಕು ಸಿಸ್ಟರ್, ಆ್ಯಪ್ ಏನೂ ಕೇಳಲ್ಲ" ಅಂದರು ಒಬ್ಬರು. ಗಂಡನ ಕುಡಿತದ ಸಾಲ, ಮಗಳ ಆಸ್ಪತ್ರೆ ಖರ್ಚು ಇದನ್ನೆಲ್ಲ ಹದಿನೈದು ಜನರ ಮುಂದೆ ಹೇಳಿಸುವ ಸಂಘದ ಬಗ್ಗೆ ಪ್ರತಿನಿಧಿಗಳು ಯೋಚಿಸಬೇಕು. ಎರಡು ಮೂರು ಸಾವಿರದ ತುರ್ತು ಸಾಲವನ್ನು ಇಬ್ಬರು ಪ್ರತಿನಿಧಿಗಳೇ ಕೊಟ್ಟು, ಮುಂದಿನ ಸಭೆಯಲ್ಲಿ ಮೊತ್ತ ಮಾತ್ರ ದಾಖಲಿಸುವ ಪದ್ಧತಿ ಇಟ್ಟುಕೊಳ್ಳಬಹುದು. ಅದಕ್ಕೊಂದು ನಿರ್ಣಯ ಸಾಕು.

ಪಾಸ್‌ಬುಕ್ ಬಾಡಿಗೆಗೆ ಕೇಳುವವರೂ ಬರುತ್ತಾರೆ. ಪರಿಚಯದ ಹುಡುಗನೇ ಇರಬಹುದು. "ಆಂಟಿ, ನಿಮ್ಮ ಹೆಸರಲ್ಲಿ ಒಂದು ಖಾತೆ ತೆಗೆದು ಎಟಿಎಂ ಕಾರ್ಡು, ಸಿಮ್ಮು ನನಗೆ ಕೊಡಿ, ತಿಂಗಳಿಗೆ ಇಷ್ಟು ಕೊಡ್ತೀನಿ." ಇನ್ನೊಬ್ಬ ಅಕ್ಕನ ಹಣ ಮೊದಲು ಹೋಗಿ ಬೀಳುವುದು ಇಂಥ ಖಾತೆಗೇ. ಪೊಲೀಸರು ಮೊದಲು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿಯಲ್ಲಿ ನೋಡಬಹುದು. ನಿಮ್ಮದಲ್ಲದ್ದು ಕಂಡರೆ ಅಲ್ಲೇ ತಿಳಿಸಬಹುದು.

ಮಾಮೂಲಿ ಕೀಪ್ಯಾಡ್ ಫೋನ್ ಇರುವವರು "ನಾವು ಬಚಾವ್" ಅಂದುಕೊಳ್ಳಬೇಡಿ. ಬೆರಳಚ್ಚಿನಿಂದಲೂ ಹಣ ಹೋಗುತ್ತದೆ. 2023ರಲ್ಲಿ ದಕ್ಷಿಣ ಕನ್ನಡ ಮತ್ತು ಬೇರೆ ಕಡೆಗಳಲ್ಲಿ, ಜಮೀನು ನೋಂದಣಿ ಮಾಡಿಸಿ ಬಂದವರ ಖಾತೆಯಿಂದ ಆಧಾರ್ ಮೂಲಕ ಹಣ ತೆಗೆದ ದೂರುಗಳು ಬಂದವು. ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿದ್ದರು. ಇದಕ್ಕೆ ಆಧಾರಿನ ಬಯೋಮೆಟ್ರಿಕ್ ಲಾಕ್ ಮಾಡಿಸುವ ಉಪಾಯ ಇದೆ. ಆಧಾರ್ ಸಹಾಯವಾಣಿ 1947ಕ್ಕೆ ಕೇಳಿದರೆ ಹೇಗೆ ಅಂತ ತಿಳಿಸುತ್ತಾರೆ. ಆದರೆ ಒಂದು ತೊಂದರೆ ಇದೆ. ಲಾಕ್ ಮಾಡಿದರೆ ರೇಷನ್ ಅಂಗಡಿಯಲ್ಲೂ ಬೆರಳು ತೆಗೆದುಕೊಳ್ಳುವುದಿಲ್ಲ, ಆ ದಿನ ತೆರೆದು ಮತ್ತೆ ಮುಚ್ಚಬೇಕು. ಮನೆಯಲ್ಲಿ ರೇಷನ್ನಿಗೆ ಹೆಬ್ಬೆಟ್ಟು ಒತ್ತುವವರು ಯಾರು ಅಂತ ನೋಡಿಕೊಂಡು ಮಾಡಿಸಿ. ಬೆರಳೊತ್ತಿ ಹಣ ತೆಗೆಯುವಾಗ "ಬರ್ಲಿಲ್ಲ, ಇನ್ನೊಂದು ಸಲ ಒತ್ತಿ" ಅಂದರೆ ಮೊದಲಿನದರ ಚೀಟಿ ಕೇಳಿ. ಎರಡು ಸಲ ಒತ್ತಿಸಿ ಒಂದು ಸಲದ ಹಣ ಕೈಗೆ ಕೊಡುವವರಿದ್ದಾರೆ.

ಇವತ್ತು ಇಲ್ಲಿಂದ ಹೋಗುವ ಮುಂಚೆ ಮೂರು ಕೆಲಸ ಮಾಡೋಣ. ಎಲ್ಲರೂ ಫೋನ್ ತೆಗೆದು 1930 ನಂಬರನ್ನು ಹಾಕಿಕೊಳ್ಳಿ. ಓದಲು ಬಾರದವರಿಗೆ ಪಕ್ಕದವರು ಹಾಕಿಕೊಡಿ. ಸಂಘದ ನಿರ್ಣಯ ಪುಸ್ತಕದ ರಟ್ಟಿನ ಒಳಗೆ ದಪ್ಪ ಅಕ್ಷರದಲ್ಲಿ ಅದನ್ನೇ ಬರೆಯಿರಿ, ಕೆಳಗೆ ನಿಮ್ಮ ಬ್ಯಾಂಕಿನ ಸಹಾಯವಾಣಿ ನಂಬರು. ಅದನ್ನು ಪಾಸ್‌ಬುಕ್ಕಿನಿಂದ ಅಥವಾ ಕಾರ್ಡಿನ ಹಿಂಭಾಗದಿಂದ ನೋಡಿ ಬರೆಯಬೇಕು, ಗೂಗಲ್‌ನಲ್ಲಿ ಹುಡುಕಿ ಬರೆಯಬಾರದು. ಅಲ್ಲಿ ಕಳ್ಳರೇ ತಮ್ಮ ನಂಬರು ಹಾಕಿರುತ್ತಾರೆ.

ಎರಡನೆಯದು, ಸಂಘದ ಹಣ ಯಾವ ಸದಸ್ಯೆಯ ಸ್ವಂತ ಖಾತೆಗೂ ಹೋಗಬಾರದು ಅಂತ ಮುಂದಿನ ಸಭೆಯಲ್ಲಿ ನಿರ್ಣಯ ಮಾಡಿ. ಫೋನಿನಿಂದ ಕಳಿಸುವವರು ನೇರ ಸಂಘದ ಖಾತೆಗೆ ಕಳಿಸಲಿ, ಆ ಮೆಸೇಜನ್ನು ಸಭೆಯಲ್ಲಿ ತೋರಿಸಲಿ. ನಗದನ್ನು ಇಬ್ಬರು ಜೊತೆಗೆ ಹೋಗಿ ಕಟ್ಟಲಿ.

ಮೂರನೆಯದು, ಪ್ರತಿ ಸಭೆಯಲ್ಲಿ ಹಾಜರಿ ಕರೆದ ಮೇಲೆ ಪ್ರತಿನಿಧಿ ಒಂದು ಪ್ರಶ್ನೆ ಕೇಳಲಿ: "ಈ ವಾರ ಯಾರಿಗಾದರೂ ಅನುಮಾನದ ಕರೆ ಬಂತಾ?" ಬಂದಿದ್ದರೆ ಏನಂದ, ಹೇಗೆ ಮಾತಾಡಿದ ಅಂತ ಹೇಳಲಿ. ಒಬ್ಬರಿಗೆ ಬಂದ ಕರೆ ಅದೇ ವಾರ ಇನ್ನೊಬ್ಬರಿಗೂ ಬರುತ್ತದೆ. ಆ ಅಕ್ಕ ಈಗ ತಮ್ಮ ಸಂಘದಲ್ಲಿ ಈ ಪ್ರಶ್ನೆ ಕೇಳುವ ಜವಾಬ್ದಾರಿ ತಾವೇ ತೆಗೆದುಕೊಂಡಿದ್ದಾರೆ.

ಊಟದ ಮೇಲೆ ಇಬ್ಬಿಬ್ಬರಾಗಿ ಕೂತು ಅಭ್ಯಾಸ ಮಾಡೋಣ. ಒಬ್ಬರು ಕಳ್ಳ ಆಗಲಿ, ಒಬ್ಬರು ಸದಸ್ಯೆ. ಚೆನ್ನಾಗಿ ಮಾತಾಡುವವರು ಕಳ್ಳರಾಗಿ. ಕ್ಷೇತ್ರ ಕಾರ್ಯಕರ್ತೆಯರ ಹತ್ತಿರ ಅನುಮಾನದ ಮೆಸೇಜುಗಳ ಮಾದರಿ ಇವೆ, ಯಾವುದು ನಿಜ ಯಾವುದು ಸುಳ್ಳು ಅಂತ ನೀವೇ ಬೇರೆ ಮಾಡಬೇಕು.